ಗೇಟಿನ ಮುಂದಿನ ಒಳಕಲ್ಲು

ನಮ್ಮ ಮನೆಯ ಒಳಕಲ್ಲಿನ ಮೈಮೇಲೆ ಇವತ್ತಿಗೂ ಹಳದಿ ಬಣ್ಣದ ಒಂದು ಗೆರೆ ಉಳಿದುಕೊಂಡಿದೆ. ಅದು ಅರಿಶಿನವಲ್ಲ, ಗೇಟಿಗೆ ಹೊಡೆದು ಮಿಕ್ಕಿದ ಆಯಿಲ್ ಪೇಂಟು. ಥಿನ್ನರ್ ಹಾಕಿ ಉಜ್ಜಿದೆ, ಇಟ್ಟಿಗೆ ಚೂರಿನಿಂದ ತಿಕ್ಕಿದೆ, ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ಸೇರಿಕೊಂಡದ್ದು ಬಿಡಲಿಲ್ಲ. ನೆಂಟರು ಬಂದಾಗ "ಇದೇನ್ರೀ, ಒಳಕಲ್ಲಿಗೆ ಪೇಂಟು?" ಎಂದು ಕೇಳುತ್ತಾರೆ. ನಾನು ಅವ್ವನ ಮುಖ ನೋಡುತ್ತೇನೆ, ಅವ್ವ ತಾರಸಿ ನೋಡುತ್ತಾಳೆ. ನಿಮಗಾದರೆ ಹೇಳಬಹುದು. ನೀವೂ ಎಂದಾದರೊಂದು ದಿನ ಹೂವು ನೋಡಲು ನಮ್ಮ ಬೀದಿಗೆ ಬಂದು, ನನ್ನ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸಿ ಹೋದವರೇ ಇರಬಹುದು, ಯಾರಿಗೆ ಗೊತ್ತು.

ಕುಂದಲಹಳ್ಳಿ ಎಂದರೆ ನಿಮಗೆ ಸಿಗ್ನಲ್ಲು, ಟೆಕ್ ಪಾರ್ಕು, ಸಂಜೆಯಾದರೆ ಕದಲದ ರಸ್ತೆ ನೆನಪಾಗುತ್ತದೆ. ನಾವು ಅದಕ್ಕಿಂತ ಮೊದಲಿನವರು, ಇಲ್ಲಿ ರಾಗಿ ಬೆಳೆಯುತ್ತಿದ್ದವರು. ಈಗ ರಾಗಿಯ ಜಾಗದಲ್ಲಿ ಮೂರಂತಸ್ತಿನ ಮನೆ ಬೆಳೆದಿದೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಗೇಟಿನ ಎದುರಿಗೆ ಯಾರೋ ಯಾವಾಗಲೋ ನೆಟ್ಟು ಹೋದ ಸಾಲುಮರಗಳಿವೆ. ವರ್ಷದ ಉಳಿದ ದಿನಗಳಲ್ಲಿ ಬೀದಿನಾಯಿಗಳ ಹೊರತು ಯಾರೂ ಅವುಗಳನ್ನು ಗಮನಿಸುವುದಿಲ್ಲ. ಶಿವರಾತ್ರಿಯ ಆಸುಪಾಸಿನಲ್ಲಿ ಮಾತ್ರ ಎಲೆಯನ್ನೆಲ್ಲ ಉದುರಿಸಿ, ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಮೈತುಂಬ ಗುಲಾಬಿ ಬಣ್ಣದ ಹೂ ಬಿಟ್ಟುಕೊಂಡು ನಿಂತುಬಿಡುತ್ತವೆ. ಘಮವಿಲ್ಲ, ಮುಡಿಯಲು ಬಾರದು, ದೇವರಿಗೆ ಏರಿಸುವ ವಾಡಿಕೆಯಿಲ್ಲ. ಅವ್ವ ಅದನ್ನು ಕರೆಯುವುದೇ ಕಾಗದದ ಹೂ ಎಂದು. "ತಿನ್ನಾಕಿಲ್ಲ, ಮುಡ್ಯಾಕಿಲ್ಲ. ಅದ್ನೇನ್ ನೋಡ್ತಾರೋ, ಇಂಗೆ ಬಿದ್ದೂ ಬಿದ್ದೂ!" ಎಂದು ಪೊರಕೆ ಹಿಡಿದು ನಿಲ್ಲುತ್ತಾಳೆ.

ನೋಡುತ್ತಾರೆ ಸ್ವಾಮಿ, ಎಲ್ಲೆಲ್ಲಿಂದಲೋ ಬಂದು ನೋಡುತ್ತಾರೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬ ಗಾದೆಯಿದೆಯಲ್ಲ, ಹಾಗೆ ಬೆಂಗಳೂರಿಗೆ ಬಂದವರೆಲ್ಲ ವರ್ಷಕ್ಕೊಮ್ಮೆ ನಮ್ಮ ಬೀದಿಗೆ ಬಂದೇ ಬರುತ್ತಾರೆ. ಬೆಳಕು ಮೂಡುವ ಮೊದಲೇ ಉದ್ದ ಮೂತಿಯ ಕ್ಯಾಮೆರಾದವರು. ಅವರ ಹಿಂದೆ, ಮದುವೆಗೆ ಮುಂಚೆಯೇ ಮದುವೆಯ ಫೋಟೋ ತೆಗೆಸಿಕೊಳ್ಳುವ ಜೋಡಿಗಳು. ಆಮೇಲೆ ರಸ್ತೆಯ ನಟ್ಟನಡುವೆ ನಿಂತು ದುಪಟ್ಟಾ ಗಾಳಿಗೆ ತೂರಿ ರೀಲ್ಸ್ ಮಾಡುವ ಹೆಣ್ಣುಮಕ್ಕಳು. ದುಪಟ್ಟಾ ಒಂದು ಸಲಕ್ಕೆ ಸರಿಯಾಗಿ ಹಾರಿದ್ದನ್ನು ನಾನು ಕಂಡಿಲ್ಲ. ಅದು ಹಾರುವ ತನಕ ನೀರಿನ ಟ್ಯಾಂಕರು, ಶಾಲೆಯ ವ್ಯಾನು, ನಾನು ಮತ್ತು ನನ್ನ ಸ್ಕೂಟರು ಸಾಲಾಗಿ ಕಾಯಬೇಕು.

ಇನ್ನು ಅವರ ಗಾಡಿ ಓಡಿಸುವ ಚೆಂದ. ನಾಲ್ಕೂ ಮೂಲೆಯ ದೀಪ ಮಿಣಮಿಣ ಎನ್ನಿಸಿಬಿಟ್ಟರೆ ಕಾರನ್ನು ಎಲ್ಲಿ ಬೇಕಾದರೂ ಬಿಟ್ಟು ಹೋಗಬಹುದು ಎಂಬ ನಂಬಿಕೆಯನ್ನು ಇವರಿಗೆ ಯಾವ ಗುರುಗಳು ಉಪದೇಶಿಸಿದರೋ ಕಾಣೆ. ತಿರುವಿನಲ್ಲಿ ನಿಲ್ಲಿಸುತ್ತಾರೆ, ಉಬ್ಬಿನ ಮೇಲೆ ನಿಲ್ಲಿಸುತ್ತಾರೆ, ನನ್ನ ಗೇಟಿನ ಮುಂದಂತೂ ನಿಲ್ಲಿಸಲೇಬೇಕು. ಕೇಳಿದರೆ "ಟೂ ಮಿನಿಟ್ಸ್ ಅಂಕಲ್" ಎನ್ನುತ್ತಾರೆ. ಆ ಎರಡು ನಿಮಿಷದಲ್ಲಿ ನಮ್ಮ ಮನೆಯಲ್ಲಿ ಅನ್ನ ಬೆಂದು, ಸಾರು ಕುದಿದು, ಊಟವಾಗಿ, ಪಾತ್ರೆ ತೊಳೆದೂ ಆಗಿರುತ್ತದೆ. ನಾನೇನು ದೊಡ್ಡ ಸಾರಥಿ ಎಂದುಕೊಳ್ಳಬೇಡಿ. ಐವತ್ತು ದಾಟಿದ ಮೇಲೆ ಕಾರು ಕಲಿತವನು. ಮೊದಲ ವಾರವೇ ರಿವರ್ಸಿನಲ್ಲಿ ನಮ್ಮ ಗೇಟಿನ ಕಂಬಕ್ಕೇ ಗುದ್ದಿದೆ. ಕಂಬ ಈಗಲೂ ಬಗ್ಗಿ ನಮಸ್ಕಾರ ಮಾಡುವ ಭಂಗಿಯಲ್ಲಿದೆ. ನಾನು ಸ್ಟೀರಿಂಗ್ ಹಿಡಿದರೆ ಮಗಳು ಚೈತ್ರ ಆಟೋ ಹುಡುಕುತ್ತಾಳೆ. ಆದರೂ ಹೇಳುತ್ತೇನೆ, ನಾನು ಗುದ್ದಿದ್ದು ನನ್ನ ಸ್ವಂತ ಕಂಬಕ್ಕೆ.

ಹಾಗೆಂದು ನಮ್ಮ ಊರಿಗೆ ಕಾಲಕಾಲಕ್ಕೆ ಬರುವ ಜನ ಹೊಸಬರಲ್ಲ. ನಾನು ಚಿಕ್ಕವನಾಗಿದ್ದಾಗ ರಾಗಿ ಕೊಯ್ಲು ಮುಗಿಯುತ್ತಿದ್ದಂತೆ ಕುರಿ ಕಾಯುವವರು ಬರುತ್ತಿದ್ದರು. ಹೆಗಲ ಮೇಲೆ ಕಂಬಳಿ, ಕತ್ತೆಯ ಬೆನ್ನ ಮೇಲೆ ಪಾತ್ರೆ ಪಗಡ, ಹಿಂದೆ ಮುಂದೆ ಕುರಿಗಳ ಸಾಗರ. ಕುಂದಲಹಳ್ಳಿಯ ಮೊದಲ ಟ್ರಾಫಿಕ್ ಜಾಮು ಮಾಡಿದವು ಆ ಕುರಿಗಳೇ. ಊರಿಗಿದ್ದ ಒಂದೇ ಬಸ್ಸು ಅವುಗಳ ಹಿಂದೆ ಆಮೆಯಂತೆ ಬರುತ್ತಿತ್ತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ ಕುರಿಗಳಿಗೂ ಅವುಗಳ ವಂಶಕ್ಕೂ ಸೇರಿಸಿ ಬೈಯುತ್ತಿದ್ದ. ತಾತ ಮಾತ್ರ ಅವರಿಗಾಗಿ ಕಾಯುತ್ತಿದ್ದರು. ರಾತ್ರಿಯೆಲ್ಲ ಮಂದೆ ನಮ್ಮ ಹೊಲದಲ್ಲಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಹೊಲಕ್ಕೆಲ್ಲ ಗೊಬ್ಬರ. ಅದಕ್ಕೆ ಬದಲಾಗಿ ಅವರಿಗೆ ನಮ್ಮ ಮನೆಯ ರಾಗಿ, ಬೆಲ್ಲ, ಹೊಂಗೆಮರದ ನೆರಳು. ಅವರು ಬರುವುದು ತಡವಾದರೂ ತಾತ ಹೊಲಕ್ಕೆ ನೇಗಿಲು ಇಳಿಸುತ್ತಿರಲಿಲ್ಲ. ಬರದೇ ಹೋದರೆ ಎಂದು ನಾನು ಕೇಳಿದರೆ, ಜಗಲಿಯ ಮೇಲಿಂದ ಏಳದೆಯೇ "ರಾಗಿ ಕುಯ್ದಾಯ್ತಲ್ಲ, ಬತ್ತಾರೆ ಬುಡು" ಎನ್ನುತ್ತಿದ್ದರು. ಕುರಿಗಳು ಹೋದ ಮೇಲೆ ಗೊಬ್ಬರ ಉಳಿಯುತ್ತಿತ್ತು. ಹೂವು ನೋಡಲು ಬಂದವರು ಹೋದ ಮೇಲೆ ನೀರಿನ ಬಾಟಲಿ ಉಳಿಯುತ್ತದೆ. ಈ ಮಾತನ್ನು ನಾನು ಹಾಲಿನ ಬೂತಿನ ಹತ್ತಿರ ಎಷ್ಟು ಸಲ ಹೇಳಿದ್ದೇನೆಂದರೆ, ನಾನು ಬಾಯಿ ತೆರೆಯುತ್ತಿದ್ದಂತೆ ಸ್ನೇಹಿತರೇ ಅದನ್ನು ಪೂರ್ತಿ ಮಾಡುತ್ತಿದ್ದರು.

ಒಳಕಲ್ಲಿನ ವಿಷಯಕ್ಕೆ ಬರುತ್ತೇನೆ. ಅದು ಹಳೆಯ ಮನೆಯ ಅಡುಗೆಕೋಣೆಯ ನೆಲದಲ್ಲಿ ಹೂತಿದ್ದ ಕಲ್ಲು. ನನ್ನ ಬಾಲ್ಯದ ಬೆಳಗುಗಳು ಅದರ ಗುರ್‌ಗುರ್ ಸದ್ದಿಗೆ ಎದ್ದಂಥವು. ಹಳೆಯ ಮನೆ ಕೆಡವಿದಾಗ ಜೆಸಿಬಿ ಅದನ್ನು ಗೆಣಸು ಕಿತ್ತಂತೆ ಕಿತ್ತು ಸಂಪಿನ ಪಕ್ಕ ಇಟ್ಟಿತು. ಅದರ ಜೋಡಿ ಗುಂಡುಕಲ್ಲು ಬಾಗಿಲು ಬಡಿದುಕೊಳ್ಳದಂತೆ ಒತ್ತು ಕೊಡುವ ಕೆಲಸಕ್ಕೆ ಸೇರಿತು. ಬೀದಿಯಲ್ಲಿ ಎಲ್ಲರೂ ಗೇಟಿನ ಮುಂದೆ ಸಿಮೆಂಟು ತುಂಬಿದ ಪೇಂಟ್ ಡಬ್ಬ, ಹೂಕುಂಡ, ಮುರಿದ ಕುರ್ಚಿ ಇಟ್ಟು ಜಾಗ ಕಾಯುತ್ತಿದ್ದರು. ನನಗೂ ಒಂದು ಉಪಾಯ ಹೊಳೆಯಿತು. ನಾಲ್ಕು ಆಳು ಸೇರಿ ಒಳಕಲ್ಲನ್ನು ಉರುಳಿಸಿ ಗೇಟಿನ ಮುಂದೆ, ಮೋರಿಯ ಅಂಚಿಗೆ ನಿಲ್ಲಿಸಿದೆವು. ಅದರ ಮೈಗೆ ಹಳದಿ ಕಪ್ಪು ಪಟ್ಟೆ ನಾನೇ ಹೊಡೆದೆ. ನೋಡಲು ಹುಲಿವೇಷದವನು ಕುಕ್ಕರಗಾಲಲ್ಲಿ ಕೂತಂತಿತ್ತು.

ಅವ್ವನಿಗೆ ತಡೆಯಲಾಗಲಿಲ್ಲ. "ಅನ್ನ ಕೊಟ್ಟ ಕಲ್ಲನ್ನ ಬೀದಿಗೆ ಆಕ್ತೀಯೇನ್ಲಾ?"

"ಬೀದಿಗಲ್ಲವ್ವ, ಕಾವಲಿಗೆ" ಎಂದೆ.

ಕಾವಲು ಏನೋ ಚೆನ್ನಾಗಿಯೇ ಆಯಿತು. ಆದರೆ ಹೂವಿನ ಕಾಲದಲ್ಲಿ ಜನ ಅದರ ಮೇಲೆ ಕೂತು ಫೋಟೋ ತೆಗೆಸಿಕೊಂಡರು, ಗುಳಿಯಲ್ಲಿ ಎಳನೀರಿನ ಸ್ಟ್ರಾ ಹಾಕಿದರು. ಒಳಕಲ್ಲಿನ ಮೇಲೆ ಕೂರಬಾರದು ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಅವ್ವ ದಿನಾ ಬೆಳಗ್ಗೆ ಚೊಂಬು ಹಿಡಿದು ಹೋಗಿ, ಗುಳಿಯ ಕಸ ತೆಗೆದು, ತೊಳೆದು, ಯಾರಿಗೂ ಕಾಣದಂತೆ ಒಂದು ಚಿಟಿಕೆ ಕುಂಕುಮ ಇಟ್ಟು ಬರುತ್ತಿದ್ದಳು.

ಚೈತ್ರಳ ಮದುವೆ ಗೊತ್ತಾದದ್ದು ಸರಿಯಾಗಿ ಹೂವಿನ ಕಾಲಕ್ಕೆ. ಚೌಟ್ರಿ ಸಿಕ್ಕಿದ್ದು ಆಗಲೇ. ನಮ್ಮಲ್ಲಿ ಮದುವಣಗಿತ್ತಿ ಮನೆಯಿಂದ ಹೊರಡುವ ಮುನ್ನ ಒಳಕಲ್ಲು ಶಾಸ್ತ್ರ ಮಾಡುತ್ತಾರೆ. ಕಲ್ಲಿಗೆ ಪೂಜೆ ಮಾಡಿ, ಐದು ಜನ ಮುತ್ತೈದೆಯರು ಒನಕೆ ಹಿಡಿದು ಅರಿಶಿನದ ಕೊಂಬು ಕುಟ್ಟಬೇಕು. ಆ ಅರಿಶಿನವನ್ನೇ ಹೆಣ್ಣಿಗೆ ಹಚ್ಚುವುದು. ನನ್ನ ಹೆಂಡತಿ ಭಾಗ್ಯ ಕಾಲಕ್ಕೆ ತಕ್ಕಂತೆ ಯೋಚಿಸುವವಳು. ಡೆಕೊರೇಷನ್ನಿನವರೇ ಒಂದು ಪುಟ್ಟ ಒಳಕಲ್ಲನ್ನು ಹೂ ಸುತ್ತಿ ತಂದುಕೊಡುತ್ತಾರಂತೆ, ಅದರಲ್ಲೇ ಮಾಡೋಣ ಎಂದಳು. ಅವ್ವ ತುತ್ತನ್ನು ತಟ್ಟೆಗೆ ಬಿಟ್ಟಳು.

"ನಿನ್ ಅಕ್ಕದೀರು ಮೂವರ ಅರಿಸ್ನಾನೂ ನಾನು ಇದೇ ಕಲ್ನಾಗೆ ಕುಟ್ಟಿರೋದು. ಬಾಡ್ಗೆ ಕಲ್ಗೆ ನಮ್ಮನೆ ಎಣ್ಣುಮಗ್ಳು ಯಾರೂ ಅಂತ ಗೊತ್ತಾ?" ಎಂದು ನನ್ನನ್ನೇ ಕೇಳಿದಳು. ಎದ್ದು ಕೈ ತೊಳೆಯುತ್ತ ಮೆಲ್ಲಗೆ, "ನಾನು ಬದ್ಕಿರೋಗಂಟ ಇದೊಂದ್ ಆಗ್ಬೇಕು ಕಣಪ್ಪ. ಇನ್ನೇನೂ ಕೇಳಾಕಿಲ್ಲ" ಎಂದಳು. ಆಕೆ ಏನನ್ನಾದರೂ ಬೇಕು ಎಂದದ್ದು ನನಗೆ ನೆನಪೇ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಯಾವ ಶಾಸ್ತ್ರದಲ್ಲೂ ಹೊಸಿಲು ದಾಟಿ ಮುಂದೆ ಬಂದವಳಲ್ಲ. ಬಾಗಿಲ ಹಿಂದೆ ನಿಂತು, ಕುಂಕುಮದ ಬಟ್ಟಲು ಎಲ್ಲಿದೆ, ವೀಳ್ಯದೆಲೆಯ ತೊಟ್ಟು ಯಾವ ಕಡೆ ಇರಬೇಕು ಎಂದು ಸಣ್ಣ ದನಿಯಲ್ಲಿ ಹೇಳಿಕೊಡುವುದಷ್ಟೇ ಅವಳ ಪಾಲು.

ಶನಿವಾರ ಬೆಳಗ್ಗೆ ಶಾಸ್ತ್ರ. ಒಂಬತ್ತಕ್ಕೆ ರಾಹುಕಾಲ ಶುರು, ಅಷ್ಟರೊಳಗೆ ಮುಗಿಯಬೇಕು. ಕಲ್ಲನ್ನು ಹಿಂದಿನ ದಿನವೇ ಒಳಗೆ ತರಬಹುದಿತ್ತು. ಆದರೆ ಕಲ್ಲು ಎದ್ದರೆ ಆ ಜಾಗಕ್ಕೆ ಯಾವನೋ ಕಾರು ತಂದು ನಿಲ್ಲಿಸುತ್ತಾನೆ, ಶಾಮಿಯಾನದ ಗಾಡಿ ಒಳಗೇ ಸಿಕ್ಕಿಕೊಳ್ಳುತ್ತದೆ ಎಂದು ನಾನು ಲೆಕ್ಕ ಹಾಕಿದೆ. ಬೆಳಗ್ಗೆ ಬೇಗ ಎದ್ದು ಎಳೆದುಕೊಂಡರಾಯಿತು ಎಂದೆ. ದೇವರನ್ನೇ ಗೇಟು ಕಾಯಲು ನಿಲ್ಲಿಸಿದವನಿಗೆ ಇದಕ್ಕಿಂತ ಹೆಚ್ಚಿನ ಬುದ್ಧಿ ಎಲ್ಲಿಂದ ಬರಬೇಕು?

ಬೆಳಗಾಯಿತು. ಮರಗಳು ಆ ದಿನಕ್ಕೆಂದೇ ಕಾದಿದ್ದವೋ ಎಂಬಂತೆ ಅರಳಿದ್ದವು. ಆರೂವರೆಗೇ ಬೀದಿ ತುಂಬಿತು. ಹೊಸಕೋಟೆ ಕಡೆಯಿಂದ ಹೊರಟಿದ್ದ ನನ್ನ ಅಕ್ಕಂದಿರ ಗಾಡಿ ಮುಖ್ಯರಸ್ತೆಯಲ್ಲೇ ನಿಂತುಹೋಯಿತು. "ಯಾರೋ ಕಾರಿನ ಮೇಲೆ ಅತ್ತಿ ಫೋಟೋ ತೆಗೀತಾವ್ನೆ ಕಣೋ!" ಎಂದು ದೊಡ್ಡಕ್ಕ ಫೋನಿನಲ್ಲಿ ಕಿರುಚಿದಳು. ಕಲ್ಲು ಎತ್ತಲು ಬರಬೇಕಿದ್ದ ಆಳುಗಳೂ ಅದೇ ಸಾಲಿನಲ್ಲಿದ್ದರು. ನಾನು ಪಂಚೆ ಎತ್ತಿ ಕಟ್ಟಿಕೊಂಡು ಗೇಟಿಗೆ ಬಂದೆ. ಬಿಳಿ ಕಾರೊಂದು ನಾಲ್ಕೂ ದೀಪ ಮಿಣುಕಿಸುತ್ತ ಹಿಂದೆ ಹಿಂದೆ ಬರುತ್ತಿತ್ತು. "ಓಯ್, ಸ್ಟಾಪ್, ಸ್ಟಾಪ್!" ಎಂದು ಕೂಗಿದೆ. ಅದು ಬಂತು, ಕಲ್ಲನ್ನು ಒತ್ತಿತು, ಕಲ್ಲು ಒಮ್ಮೆ ಓಲಾಡಿ ಸದ್ದಿಲ್ಲದೆ ಮೋರಿಗೆ ಉರುಳಿತು. ಅದರ ಹಿಂದೆಯೇ ಕಾರಿನ ಹಿಂದಿನ ಚಕ್ರವೂ ಇಳಿಯಿತು.

ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ನನಗೆ ಅವಳ ಮುಖ ನೋಡಲಾಗಲಿಲ್ಲ, ಸಂಕಟವಾಯಿತು.

ಸಂಕಟವಾದಾಗ ಗಂಡಸರು ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ, ಕೂಗಾಡಿದೆ. ಕಾರಿನಿಂದ ಇಳಿದವನು ಮೂವತ್ತರ ಆಸುಪಾಸಿನ ಹುಡುಗ, ಹೆಸರು ಶಿವಕುಮಾರ. "ಸಾರಿ ಅಂಕಲ್, ರಿವರ್ಸ್ ಕ್ಯಾಮೆರಾದಲ್ಲಿ ಏನೂ ಕಾಣ್ಲಿಲ್ಲ. ಬರೀ ಪಿಂಕ್ ಕಾಣ್ತಿತ್ತು" ಎಂದ. ಹಿಂದೆ ಹೋಗಿ ನೋಡಿದರೆ ಕ್ಯಾಮೆರಾದ ಪುಟ್ಟ ಕಣ್ಣಿನ ಮೇಲೆ ಒಂದು ಹೂ ಅಂಟಿಕೊಂಡಿತ್ತು. ಎಲ್ಲಿಂದ ಬಂದಿರಿ ಎಂದೆ. ಚಿಕ್ಕಬಾಣಾವರವಂತೆ. ಬೆಂಗಳೂರಿನ ಆ ತುದಿಯಿಂದ ಈ ತುದಿಗೆ, ಕತ್ತಲಲ್ಲೇ ಎದ್ದು, ನನ್ನ ಕಲ್ಲನ್ನು ಮೋರಿಗೆ ಬೀಳಿಸಲು! ಇನ್ನೊಂದು ಸುತ್ತು ಬೈಯುವುದರಲ್ಲಿದ್ದೆ. ಹಿಂದಿನ ಬಾಗಿಲು ತೆರೆದು, ಕೈಮಗ್ಗದ ಸೀರೆ ಉಟ್ಟು ಹಣೆಗೆ ವಿಭೂತಿ ಹಚ್ಚಿದ ವಯಸ್ಸಾದ ತಾಯಿಯೊಬ್ಬರು ಇಳಿದರು. ಅವನ ಅಮ್ಮ ಗೌರಮ್ಮ, ಹಾವೇರಿ ಕಡೆಯವರು. ಮೋರಿಗೆ ಬಗ್ಗಿ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯ ಶಿವನ! ಒಳಕಲ್ಲು ಐತಲ್ಲೋ ಇದು! ಮದುವಿ ಮನಿ ಒಳಕಲ್ಲು ಕೆಡವಿದ್ಯಲ್ಲೋ ತಮ್ಮಾ!"

ಅವರಿಗೆ ನಾನು ಹೇಳಬೇಕಾಗಲಿಲ್ಲ. ಚಪ್ಪರ ನೋಡಿದ್ದರು, ಬಾಗಿಲಲ್ಲಿ ನಿಂತ ಅವ್ವನನ್ನು ನೋಡಿದ್ದರು, ತಿಳಿದುಹೋಗಿತ್ತು. ಸೀದಾ ರಸ್ತೆಯ ನಡುವೆ ನಿಂತು ಎರಡೂ ಕೈ ಮೇಲೆತ್ತಿ, "ಫೋಟೋ ಆಮ್ಯಾಲ ತಗೀರ್ರಿ! ಮದುವಿ ಕೆಲಸ ನಿಂತೈತಿ, ಬರ್ರಿ ಎಲ್ಲಾರೂ!" ಎಂದು ಕೂಗಿದರು. ನಾನು ಇಷ್ಟು ವರ್ಷ ಕೂಗಿದರೂ ತಿರುಗದಿದ್ದ ಜನ ತಿರುಗಿದರು. ಕ್ಯಾಮೆರಾಗಳು ಕುತ್ತಿಗೆಯಿಂದ ಇಳಿದವು. ಸೈಕಲ್ಲಿನವರು ಹೆಲ್ಮೆಟ್ಟಿನ ಸಮೇತ ಬಂದರು. ಫೋಟೋಗೆಂದು ಸೂಟು ಹಾಕಿ ನಿಂತಿದ್ದ ಹುಡುಗನೊಬ್ಬ ಕೋಟನ್ನು ತನ್ನ ಹುಡುಗಿಯ ಕೈಗೆ ಕೊಟ್ಟು ಮೋರಿಗೇ ಇಳಿದ. ಯಾರಿಗೆ ಯಾವ ಭಾಷೆಯೋ, "ಐಸಾ" ಎಂಬುದು ಎಲ್ಲರಿಗೂ ಗೊತ್ತಿತ್ತು. ಕಾರು ಮೇಲೆ ಬಂತು. ಆಮೇಲೆ ಹಗ್ಗ ಹಾಕಿ ಕಲ್ಲು. ಮಳೆಗಾಲದ ಮೋರಿಯಾದ್ದರಿಂದ ತಳ ಒಣಗಿತ್ತು. ಬಿದ್ದ ಹೂವೆಲ್ಲ ಗಾಳಿಗೆ ಅಲ್ಲಿ ಸೇರಿ ಹಾಸಿಗೆಯಂತಾಗಿತ್ತು. ಕಲ್ಲಿನ ಅಂಚು ಕೂಡ ಚಕ್ಕೆ ಎದ್ದಿರಲಿಲ್ಲ. ಸಾಲಿನಲ್ಲಿ ಸಿಕ್ಕಿಕೊಂಡಿದ್ದ ಟ್ಯಾಂಕರಿನವನು ಪೈಪು ಬಿಟ್ಟು ತೊಳೆದ. ಸೂಟಿನ ಹುಡುಗ ಆ ನೀರಿಗೆ ಒದ್ದೆಯಾದ ಷೂ ಕಚಪಚ ಎನ್ನಿಸುತ್ತ ಕಲ್ಲಿಗೆ ಹೆಗಲು ಕೊಟ್ಟು ಚಪ್ಪರದ ತನಕ ಬಂದ.

ಗಡಿಯಾರ ಎಂಟೂವರೆ ದಾಟಿತ್ತು. ಕಲ್ಲಿಗೆ ಪೂಜೆಯಾಯಿತು. ಹಳದಿ ಕಪ್ಪು ಪಟ್ಟೆಯ ಮೇಲೆಯೇ ಅರಿಶಿನ ಕುಂಕುಮ ಬಿತ್ತು. ಸಜ್ಜೆಯ ಮೇಲಿಂದ ಒನಕೆ ಇಳಿಯಿತು. ಆದರೆ ಐದು ಮುತ್ತೈದೆಯರೆಲ್ಲಿ? ಭಾಗ್ಯ ಒಬ್ಬಳು, ಪಕ್ಕದ ಮನೆಯ ಶಾರದಮ್ಮ ಒಬ್ಬರು, ಮೇಲ್ಮನೆಯ ಒಡಿಶಾದ ಸೊಸೆ ಒಬ್ಬಳು. ಅಕ್ಕಂದಿರು ಇನ್ನೂ ಸಿಗ್ನಲ್ ದಾಟಿರಲಿಲ್ಲ. ಭಾಗ್ಯ ಒನಕೆಯನ್ನು ಗೌರಮ್ಮನವರ ಮುಂದೆ ಹಿಡಿದಳು. "ಅಮ್ಮ, ನೀವೂ ಒಂದು ಕೈ ಹಾಕಿ."

ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಬ್ಯಾಡ್ರಿ ತಂಗಿ. ನಮ್ಮ ಮನಿಯವರು ಹೋಗ್ಯಾರ. ನಾ ಹೆಂಗ ಹಿಡೀಲಿ?"

ಹೊಸಿಲ ಆಚೆ ನಿಂತಿದ್ದ ಅವ್ವ ಅವರನ್ನೇ ನೋಡಿದಳು. ಮಣೆಯ ಮೇಲೆ ಕೂತಿದ್ದ ಚೈತ್ರ ಆಗ ತಲೆಯೆತ್ತಿದಳು.

"ಅಜ್ಜಿ, ಬಾಡಿಗೆ ಕಲ್ಲಿಗೆ ನಮ್ಮ ಮನೆ ಹೆಣ್ಣುಮಗಳು ಯಾರು ಅಂತ ಗೊತ್ತಿರಲ್ಲ ಅಂದೆ ತಾನೇ? ಈ ಕಲ್ಲಿಗೆ ನಿನಗಿಂತ ಚೆನ್ನಾಗಿ ಗೊತ್ತಿರೋರು ಈ ಮನೇಲಿ ಯಾರಿದಾರೆ ಹೇಳು? ನೀನು ಕುಟ್ಟಿದರೇನೇ ನಾನು ಹಚ್ಚಿಸ್ಕೊಳ್ಳೋದು."

"ಉಚ್ಚು ಮಾತಾಡ್ಬೇಡ. ಒಳ್ಳೇ ದಿನ" ಎಂದಳು ಅವ್ವ. ಕಾಲು ಹೊಸಿಲಿನ ಆಚೆಯೇ ಇತ್ತು.

ಗೌರಮ್ಮನವರು ಹೋಗಿ ಅವಳ ಕೈ ಹಿಡಿದುಕೊಂಡರು. "ಬರ್ರಿ ಯಕ್ಕಾ. ಕೂಸು ಕರಿಯಾಕತ್ತೈತಿ. ಇಬ್ರೂ ಕೂಡೇ ಹಿಡಿಯೋಣು. ಪಾಪ ಬಂದ್ರ ಅರ್ಧ ನಿಮಗ, ಅರ್ಧ ನನಗ."

ಅವ್ವನಿಗೆ ನಗು ಬಂತು. ಸೆರಗಿನಿಂದ ಕಣ್ಣೊರಸಿಕೊಂಡು, ಅದೇ ನಗುವಿನಲ್ಲೇ ಹೊಸಿಲು ದಾಟಿದಳು. ಇಬ್ಬರೂ ಒಂದೇ ಒನಕೆ ಹಿಡಿದರು. ಮೊದಲ ಪೆಟ್ಟು ಕಲ್ಲಿನ ಅಂಚಿಗೆ ಬಿತ್ತು, ಎರಡನೆಯದು ಸರಿಯಾಗಿ ಗುಳಿಗೆ. ಆಮೇಲೆ ಕೈ ತಪ್ಪಲಿಲ್ಲ. ಗೌರಮ್ಮನವರು ತಮ್ಮ ಕಡೆಯ ಕುಟ್ಟುವ ಪದವೊಂದನ್ನು ಎತ್ತಿಕೊಂಡರು. ಅದು ಮುಗಿಯುವುದನ್ನೇ ಕಾಯುತ್ತಿದ್ದವಳಂತೆ ಅವ್ವ ನಮ್ಮ ಕಡೆಯದನ್ನು ಹಿಡಿದಳು. ಅಪ್ಪ ಹೋದ ಮೇಲೆ ಅವಳು ಹಾಡಿದ್ದನ್ನು ನಾನು ಕೇಳಿರಲಿಲ್ಲ. ಧಾಟಿ ಬೇರೆ, ಮಾತು ಬೇರೆ, ಒನಕೆ ಬೀಳುವ ಲೆಕ್ಕ ಮಾತ್ರ ಒಂದೇ. ಹೂವು ನೋಡಲು ಬಂದವರೆಲ್ಲ ಗೇಟಿನ ಹೊರಗೆ ನಿಂತು ನಮ್ಮ ಅಂಗಳ ನೋಡುತ್ತಿದ್ದರು. ಅರಿಶಿನ ಪುಡಿಯಾಗಿ, ಚೈತ್ರಳ ಕೆನ್ನೆಗೆ ಅವ್ವನ ಕೈಯಿಂದಲೇ ಹತ್ತಿತು. ಹಚ್ಚಿದ್ದಕ್ಕಿಂತ ಕಣ್ಣೀರಿಗೆ ಕರಗಿದ್ದೇ ಹೆಚ್ಚು. ನಾನು ಗೇಟಿನ ಕಡೆ ಏನೋ ಕೆಲಸವಿರುವವನ ಹಾಗೆ ತಿರುಗಿಕೊಂಡೆ. ಆ ಬಗ್ಗಿದ ಕಂಬ ಹಿಡಿದುಕೊಂಡು ಅತ್ತುಬಿಟ್ಟೆ ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಅಕ್ಕಂದಿರು ಬರುವ ಹೊತ್ತಿಗೆ ರಾಹುಕಾಲ ಶುರುವಾಗಿ ಎಲ್ಲರ ಕೈಯಲ್ಲೂ ಕಾಫಿ ಲೋಟ ಇತ್ತು. ಸೂಟಿನ ಹುಡುಗ ನನ್ನ ಹಳೆಯ ಲುಂಗಿ ಉಟ್ಟು ಉಪ್ಪಿಟ್ಟು ತಿನ್ನುತ್ತಿದ್ದ. ದೊಡ್ಡಕ್ಕ ಒಂದು ಕ್ಷಣ ಅವನನ್ನು ಬೀಗರ ಕಡೆಯವನು ಎಂದುಕೊಂಡು ಕುಶಲ ವಿಚಾರಿಸಿದಳು.

ಇಷ್ಟಾದ ಮೇಲೆ ಬಂದವರೆಲ್ಲ ಸರಿಯಾಗಿ ಗಾಡಿ ನಿಲ್ಲಿಸಲು ಕಲಿತರು ಎಂದುಕೊಂಡರೆ ನೀವು ಬೆಂಗಳೂರಿನವರಲ್ಲ. ದೀಪಗಳು ಈಗಲೂ ಮಿಣುಕುತ್ತವೆ, ದುಪಟ್ಟಾ ಈಗಲೂ ಒಂದು ಸಲಕ್ಕೆ ಹಾರುವುದಿಲ್ಲ. ನಾನೂ ಬೈಯುವುದನ್ನು ಪೂರ್ತಿ ಬಿಟ್ಟಿಲ್ಲ. ಕುರಿಗೊಬ್ಬರ ಮತ್ತು ನೀರಿನ ಬಾಟಲಿಯ ಮಾತು ಮಾತ್ರ ಹಾಲಿನ ಬೂತಿನಲ್ಲಿ ಬಾಯಿಗೆ ಬರುತ್ತಿಲ್ಲ. ಒಳಕಲ್ಲು ಆ ದಿನ ಒಳಗೆ ಬಂದದ್ದು ಮತ್ತೆ ಹೊರಗೆ ಹೋಗಲಿಲ್ಲ. ತುಳಸಿಕಟ್ಟೆಯ ಪಕ್ಕದಲ್ಲಿ ಕೂತಿದೆ.

ಈ ವರ್ಷ ಹೂ ಬಿಟ್ಟ ದಿನ, ಗೇಟಿನ ಮುಂದಿನ ಬರಿದಾದ ಜಾಗಕ್ಕೆ ಸಿಮೆಂಟು ತುಂಬಿದ ಪೇಂಟ್ ಡಬ್ಬ ಒಂದನ್ನು ಉರುಳಿಸಿಕೊಂಡು ಹೊರಟಿದ್ದೆ. ಅವ್ವ ಜಗಲಿಯ ಮೇಲೆ ಪೊರಕೆ ಪಕ್ಕಕ್ಕಿಟ್ಟು ಕೂತಿದ್ದಳು.

"ಅದ್ಯಾಕ್ಲಾ ಅಲ್ಲಿ ಇಡ್ತೀಯಾ? ಬರೋರು ಕಾರು ಎಲ್ ನಿಲ್ಲುಸ್ಬೇಕು?"

"ಯಾರವ್ವ ಬರೋರು? ಗೌರಮ್ಮನವರ ಫೋನ್ ಏನಾದ್ರೂ ಬಂತಾ?"

ಅವ್ವ ನನ್ನ ಕಡೆ ತಿರುಗಲೂ ಇಲ್ಲ. ಕಣ್ಣು ಮರದ ಮೇಲೆಯೇ ಇತ್ತು. "ಊವ ಬುಟ್ಟೈತಲ್ಲ, ಬತ್ತಾರೆ ಬುಡು" ಎಂದಳು.

ನಾನು ಡಬ್ಬವನ್ನು ಹಿಂದಕ್ಕೆ ಉರುಳಿಸಿಕೊಂಡು ಬಂದು ಸಂಪಿನ ಪಕ್ಕ ಇಟ್ಟೆ. ಆಮೇಲೆ ಹೋಗಿ ಸ್ಕೂಟರನ್ನೂ ಕೊಂಚ ಓರೆಗೆ ಸರಿಸಿ ನಿಲ್ಲಿಸಿದೆ.